ಸೊನ್ನೆಯ ಮೇಲಿನ ನೀರು

ವೀಬ್ರೆನ್ ಮೂರನೆಯ ಸಲ ಫೋನ್ ಮಾಡಿದಾಗ ಹಿಸ್ಕೆ ಬಟಾಣಿ ಸಾರಿನ ಬಟ್ಟಲನ್ನು ಆಗಷ್ಟೇ ಎದುರಿಗೆ ಎಳೆದುಕೊಂಡಿದ್ದಳು. ಬೆಳಗಿನಿಂದ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಮ್ಮನ ಹೆಸರು ಕಂಡದ್ದೇ ತಡ, ಚಮಚವನ್ನು ಸಾರಿನಲ್ಲಿ ಹಾಗೆಯೇ ಬಿಟ್ಟಳು. ಸಾರು ಗಟ್ಟಿಯಾಗಿತ್ತು, ಚಮಚ ನೆಟ್ಟಗೆ ನಿಂತಿತು.

"ಏನೋ ಮತ್ತೆ?"

"ಕಾಲುವೆ ನೀರು ಏರಿಯ ಅಂಚಿಗೆ ಬಂದಿದೆ ಅಕ್ಕ. ನಿಮ್ಮ ಪಂಪು ಬೇರೆ ಗುಟುರು ಹಾಕ್ಕೊಂಡು ಇನ್ನೂ ಇನ್ನೂ ತಂದು ಕಾಲುವೆಗೇ ಸುರೀತಿದೆ. ನಿಮಗೇನು ತಲೆ ಕೆಟ್ಟಿದೆಯಾ?"

"ನೀರು ಇಳೀತಿದೆ ಕಣೋ. ಮಧ್ಯಾಹ್ನದಿಂದ ಇಳೀತಾನೇ ಇದೆ. ಪರದೆ ನನ್ನ ಕಣ್ಣ ಮುಂದೇನೇ ಇದೆ."

"ಹಂಗಾದ್ರೆ ಆ ಪರದೇನ ಕಿತ್ಕೊಂಡು ಇಲ್ಲಿಗೆ ಬಾ. ಏರಿ ಮೇಲೆ ಇಡೋಣ. ನೆನೆಯುತ್ತೋ ಇಲ್ವೋ ನೋಡೋಣ."

ಪಕ್ಕದ ಮೇಜಿನಲ್ಲಿದ್ದ ರೀಂಕ್‌ಗೂ ಈ ಮಾತು ಕೇಳಿಸಿತು. ಅವನು ನೀರು ಮಂಡಳಿಯ ಆ ಕಚೇರಿಗೆ ಮುಖ್ಯಸ್ಥ. ಬಾಯಿ ಒರೆಸಿಕೊಂಡು ನಕ್ಕ. "ನಿನ್ನ ತಮ್ಮನಾ? ಬೇಸಿಗೇಲಿ ನೀರು ಕಮ್ಮಿ ಅಂತಾನೆ, ಚಳಿಗಾಲದಲ್ಲಿ ಜಾಸ್ತಿ ಅಂತಾನೆ. ಅವನ ಜನ್ಮದಲ್ಲಿ ಒಂದು ದಿನವಾದ್ರೂ ನೀರು ಸರಿಯಾಗಿತ್ತಾ ಕೇಳು."

ಫ್ರೀಸ್‌ಲ್ಯಾಂಡಿನಲ್ಲಿ ರೈತನಿಗೂ ನೀರು ಮಂಡಳಿಗೂ ಇರುವುದು ಅತ್ತೆ ಸೊಸೆಯ ಸಂಬಂಧ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಎಂದೂ ಸರಿಹೋಗದು, ಒಬ್ಬರನ್ನು ಬಿಟ್ಟು ಒಬ್ಬರು ಬದುಕಲೂ ಆಗದು. ಅಲ್ಲಿಯ ಹೊಲ, ಮನೆ, ಶಾಲೆ, ಚರ್ಚು ಹೆಚ್ಚುಕಡಿಮೆ ಎಲ್ಲವೂ ಸಮುದ್ರಕ್ಕಿಂತ ತಗ್ಗಿನಲ್ಲಿವೆ. ಬಿದ್ದ ಮಳೆ ತಾನಾಗಿ ಎಲ್ಲಿಗೂ ಹರಿದು ಹೋಗುವುದಿಲ್ಲ. ಪಂಪು ಅದನ್ನು ಎತ್ತಿ ದೊಡ್ಡ ಕಾಲುವೆಗೆ ಹಾಕಬೇಕು, ಕಾಲುವೆ ಅದನ್ನು ಸಮುದ್ರ ಇಳಿತದಲ್ಲಿರುವ ಹೊತ್ತು ನೋಡಿ ತೂಬಿನ ಮೂಲಕ ಸಮುದ್ರಕ್ಕೆ ಬಿಡಬೇಕು. ಕಾಲುವೆಯೋ, ಹೊಲಗಳ ತಲೆಯ ಮೇಲೆ, ಎರಡು ಮಣ್ಣಿನ ಏರಿಗಳ ನಡುವೆ ನಿಂತಿರುತ್ತದೆ. ಏರಿಯ ಬುಡದಲ್ಲಿ ನಿಂತ ಹಸು ಕತ್ತೆತ್ತಿದರೆ ಮೇಲೆ ದೋಣಿ ಹೋಗುವುದು ಕಾಣುತ್ತದೆ. ವೀಬ್ರೆನ್‌ನ ಕೊಟ್ಟಿಗೆ ಇದ್ದದ್ದು ಅಂಥದೇ ಒಂದು ಏರಿಯ ಬುಡದಲ್ಲಿ. ಅವನ ಹಿಂದೆ, ಇನ್ನೂ ತಗ್ಗಿನಲ್ಲಿ, ಇಡೀ ಊರು.

ಆ ವಾರ ವಾಯುವ್ಯದ ಗಾಳಿ ಸಮುದ್ರವನ್ನು ತೂಬಿನ ಬಾಗಿಲಿಗೆ ಒತ್ತಿ ಹಿಡಿದಿತ್ತು. ಬಾಗಿಲು ತೆರೆಯುವಂತಿಲ್ಲ. ಮಳೆ ನಿಲ್ಲುವಂತಿಲ್ಲ. ಇಂಥ ಹೊತ್ತಿಗೆಂದೇ ಒಂದು ಕಟ್ಟುನಿಟ್ಟಿನ ನಿಯಮವಿದೆ: ಕಾಲುವೆ ತುಂಬುತ್ತ ಬಂದರೆ ಸುತ್ತಲ ಪಂಪುಗಳನ್ನೆಲ್ಲ ನಿಲ್ಲಿಸಬೇಕು. ಹೊಲ ನೆನೆದರೆ ನೆನೆಯಲಿ, ಏರಿ ಒಡೆಯಬಾರದು.

ನಿಲ್ಲಿಸುವುದೂ ನಡೆಸುವುದೂ ಮನುಷ್ಯರ ಕೈಯಲ್ಲಿರಲಿಲ್ಲ. ಹಿಸ್ಕೆ ಬರೆದ ಸ್ಕ್ರಿಪ್ಟ್, ಎಂದರೆ ಕಂಪ್ಯೂಟರಿನ ಒಂದು ಚಿಕ್ಕ ಪ್ರೋಗ್ರಾಂ, ಅದನ್ನು ಮಾಡುತ್ತಿತ್ತು. ಆ ದಿನ ಬೆಳಿಗ್ಗೆ ಕಾಲುವೆ ಮೇಲೆ ಮೇಲೆ ಬಂದಾಗ ಸ್ಕ್ರಿಪ್ಟ್ ತಾನಾಗಿ ಎಲ್ಲ ಪಂಪುಗಳನ್ನೂ ನಿಲ್ಲಿಸಿತು. ಕಚೇರಿಯಲ್ಲಿ ಉಸಿರಾಡಲೂ ಹೆದರಿ ಕೂತಿದ್ದರು. ಮಧ್ಯಾಹ್ನ ಪರದೆಯ ಮೇಲೆ ನೀರಿನ ಮಟ್ಟ ತೋರಿಸುವ ಗೆರೆ ಬಾಗಿತು, ನೀರು ಇಳಿಯತೊಡಗಿತು, ಪಂಪುಗಳು ಮತ್ತೆ ಶುರುವಾದವು. ಯಾರೋ ಚಪ್ಪಾಳೆ ತಟ್ಟಿದರು. ರೀಂಕ್ ಎಲ್ಲರಿಗೂ ಸಾರು ತರಿಸಿದ.

ವೀಬ್ರೆನ್‌ನ ಮೊದಲ ಫೋನು ಬಂದದ್ದು ಆಗಲೇ. ಅವನ ಕರುಗಳು ತಗ್ಗಿನ ಕೊಟ್ಟಿಗೆಯಲ್ಲಿದ್ದವು. ಹಳೆಯ ಕಾಲದ ಕೊಟ್ಟಿಗೆ, ನೆಲವನ್ನೇ ತೋಡಿ ಹುಲ್ಲು ಹಾಸಿದ್ದು. ಅವನ್ನು ಎತ್ತರದ ಊರಿಗೆ ಸಾಗಿಸಲು ಲಾರಿ ತರಿಸಿ, ಹತ್ತಿಸಲು ನಿಂತಿದ್ದ. "ಕಳಿಸ್ಲಾ ಬೇಡ್ವಾ?" ಎಂದು ಕೇಳಿದ್ದ. ಹಿಸ್ಕೆ ಗೆರೆ ನೋಡಿ, "ಇಳೀತಿದೆ, ಲಾರಿ ವಾಪಸ್ ಕಳಿಸು, ಕರು ಒಳಗೆ ಹೊಡಿ" ಎಂದಿದ್ದಳು. ಅವನು ಹಾಗೆಯೇ ಮಾಡಿದ. ಎರಡನೆಯ ಫೋನಿಗೆ ಗದರಿಸಿದ್ದಳು. ಇದು ಮೂರನೆಯದು.

"ವೀಬ್ರೆನ್, ಕೇಳು. ಗಾಳಿ ಅಲೆ ಎಬ್ಬಿಸಿದ್ರೆ ಹಂಗೇ ಕಾಣುತ್ತೆ. ನಿಮ್ಮ ಸೇತುವೆ ಹತ್ರ ಅಳತೆ ಹಲಗೆ ಇದೆಯಲ್ಲ, ನೋಡಿ ಹೇಳು ಎಷ್ಟಿದೆ ಅಂತ. ಇಲ್ಲಿ ಹದಿನಾಲ್ಕು ತೋರಿಸ್ತಿದೆ."

ಗಾಳಿಯ ಸದ್ದು, ಬೂಟಿನ ಸದ್ದು. ಆಮೇಲೆ ಅವನ ಧ್ವನಿ ಬಂತು. ಈಗ ಅದರಲ್ಲಿ ಕುಹಕ ಇರಲಿಲ್ಲ.

"ಸೊನ್ನೆ ಕಾಣ್ತಿಲ್ಲ ಅಕ್ಕ."

"ಅಂದ್ರೆ?"

"ಸೊನ್ನೆ ನೀರೊಳಗಿದೆ. ಅದರ ಮೇಲೂ ಅರ್ಧ ಗೇಣಿಗಿಂತ ಜಾಸ್ತಿ ನೀರಿದೆ."

ಹಿಸ್ಕೆ ಫೋನನ್ನು ಆರಿಸದೆಯೇ ಸಾರಿನ ಬಟ್ಟಲಿನ ಪಕ್ಕ ಇಟ್ಟಳು.

ಆ ಸೀಮೆಯಲ್ಲಿ ಸೊನ್ನೆ ಎಂದರೆ ಸಮುದ್ರದ ಮಟ್ಟ. ಅಲ್ಲಿಯ ಪ್ರತಿ ಅಳತೆ ಹಲಗೆಯಲ್ಲೂ ಅದು ಕೊರೆದಿರುತ್ತದೆ. ಕಾಲುವೆಯ ನೀರು ಯಾವಾಗಲೂ ಆ ಸೊನ್ನೆಗಿಂತ ಕೆಳಗೆ. ಒಳ್ಳೆಯ ದಿನದಲ್ಲಿ ಅರವತ್ತು ಸೆಂಟಿಮೀಟರ್ ಕೆಳಗೆ, ಕೆಟ್ಟ ಮಳೆಯಲ್ಲಿ ಇಪ್ಪತ್ತು ಕೆಳಗೆ, ತೀರಾ ಕೆಟ್ಟದರಲ್ಲಿ ಒಂಬತ್ತು ಕೆಳಗೆ. "ಕೆಳಗೆ" ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಸ್ಕೆ ಮತ್ತು ವೀಬ್ರೆನ್ ಹುಟ್ಟಿದ್ದೇ ಪಂಪ್‌ಮನೆಯಲ್ಲಿ. ಅವರಪ್ಪ ಪಂಪು ಕಾಯುವವನು. ದಿನಾ ಬೆಳಿಗ್ಗೆ ಹಲಗೆ ನೋಡಿ ಬಂದು, ರೈ ಬ್ರೆಡ್ಡಿನ ಮುಂದೆ ಕೂತು, "ಐವತ್ತೆಂಟು" ಎನ್ನುತ್ತಿದ್ದ. ಅಷ್ಟೇ. ಅಂಕಿ ದೊಡ್ಡದಾದಷ್ಟೂ ನೀರು ಇಳಿದಿದೆ, ಚಿಕ್ಕದಾದಷ್ಟೂ ಏರಿದೆ. ಊರಿನ ಹಸುಗೂಸಿಗೂ ಅದು ಗೊತ್ತು. ನೀರು ಸೊನ್ನೆ ದಾಟಿ ಮೇಲೆ ಬಂದದ್ದನ್ನು ಕಂಡವರು ಯಾರೂ ಇರಲಿಲ್ಲ. ಹಾಗಾಗಿ ಮೇಲಕ್ಕೊಂದು ಕೆಳಕ್ಕೊಂದು ಮಾತು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಹಿಸ್ಕೆಗೂ ಅನ್ನಿಸಿರಲಿಲ್ಲ. ಅದೇ ತಪ್ಪಾದದ್ದು.

ನೀರು ಅಳೆಯುವ ಪ್ರೋಗ್ರಾಂ ತುಂಬ ಹಳೆಯದು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿದೆ, ಅದರೊಳಗೆ ಕೈಹಾಕುವ ಧೈರ್ಯ ಯಾರಿಗೂ ಇಲ್ಲ. ಅದು ಮಾಡುವುದು ಒಂದೇ ಕೆಲಸ: ಗಳಿಗೆಗೊಮ್ಮೆ ಒಂದು ಸಾಲು ಅಕ್ಷರ ಉಗುಳುತ್ತದೆ. ಜಾಗದ ಹೆಸರು, ಹೊತ್ತು, ನೀರಿನ ಮಟ್ಟ. ಹಿಸ್ಕೆಯ ಸ್ಕ್ರಿಪ್ಟ್ ಆ ಸಾಲನ್ನು ಹಿಡಿದು, ಖಾಲಿ ಜಾಗ ಬಂದಲ್ಲೆಲ್ಲ ಕತ್ತರಿಸಿ, ಮೂರನೆಯ ತುಂಡನ್ನು ತೆಗೆದುಕೊಂಡು, ಪಂಪು ನಡೆಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುತ್ತದೆ. ಮುದುಕನೊಬ್ಬ ಗೊಣಗುವುದನ್ನು ಕೇಳಿಸಿಕೊಂಡು ಮನೆಯವರಿಗೆ ಹೇಳುವ ಸೊಸೆಯ ಹಾಗೆ. ಆದರೆ ಆ ಮುದುಕ ಪ್ರೋಗ್ರಾಮಿಗೆ ಒಂದು ಚಾಳಿ ಇತ್ತು. ಅಂಕಿ ಎರಡು ಅಕ್ಷರದ್ದಾದರೆ ಅದರ ಎಡಕ್ಕಿರುವ, ಸೊನ್ನೆಗಿಂತ ಕೆಳಗೆ ಎಂದು ತೋರಿಸುವ ಕಳೆಯುವ ಗೆರೆಯನ್ನು ಅಂಟಿಸಿಯೇ ಬರೆಯುತ್ತಿತ್ತು; ಒಂದೇ ಅಕ್ಷರದ್ದಾದರೆ ನಡುವೆ ಜಾಗ ಬಿಡುತ್ತಿತ್ತು. ಆಗ ಮೂರನೆಯ ತುಂಡಾಗಿ ಬರೀ ಗೆರೆ ಸಿಗುತ್ತಿತ್ತು, ಅಂಕಿ ಹಿಂದೆ ಉಳಿಯುತ್ತಿತ್ತು, ಸ್ಕ್ರಿಪ್ಟ್ ಮುಗ್ಗರಿಸಿ ಬೀಳುತ್ತಿತ್ತು. ಸ್ಕ್ರಿಪ್ಟ್ ಬರೆದ ವರ್ಷ ಹಿಸ್ಕೆ ಎರಡು ದಿನ ಇದರ ಜೊತೆ ಗುದ್ದಾಡಿ, ಸಿಟ್ಟು ಬಂದು, ಕತ್ತರಿಸುವ ಮೊದಲೇ ಕಳೆಯುವ ಗೆರೆಗಳನ್ನೆಲ್ಲ ಗುಡಿಸಿ ಎಸೆಯುವ ಒಂದು ಸಾಲು ಸೇರಿಸಿದಳು. ಹೇಗೂ ಎಲ್ಲವೂ ಕೆಳಗೇ ತಾನೆ. ಅಪ್ಪ ಹೇಳುತ್ತಿದ್ದ ಹಾಗೆಯೇ ಬರೀ ಅಂಕಿ. ಅಂದಿನಿಂದ ಸ್ಕ್ರಿಪ್ಟ್ ಮುಗ್ಗರಿಸಲಿಲ್ಲ.

ಈಗ ಅವಳು ಹಳೆಯ ಪ್ರೋಗ್ರಾಮಿನ ಸಾಲುಗಳನ್ನೇ ನೇರವಾಗಿ ತೆರೆದಳು. ಬೆಳಗಿನ ಸಾಲುಗಳಲ್ಲಿ ಕಳೆಯುವ ಗೆರೆ ಇತ್ತು. ಅಂಕಿ ಸಣ್ಣದಾಗುತ್ತ ಬಂದಿತ್ತು. ಅಂಕಿ ಎಂಟಕ್ಕೆ ಬಂದಾಗ ಪಂಪು ನಿಂತಿತ್ತು, ಸರಿಯಾಗಿಯೇ ನಿಂತಿತ್ತು. ಆಮೇಲೆ ಮೂರು, ಎರಡು, ಸೊನ್ನೆ. ಸೊನ್ನೆಯ ಮುಂದಿನ ಸಾಲುಗಳಲ್ಲಿ ಗೆರೆ ಇರಲಿಲ್ಲ. ಎರಡು, ಐದು, ಒಂಬತ್ತು. ನೀರು ಸೊನ್ನೆಯನ್ನು ತುಳಿದು ಮೇಲೆ ಹತ್ತುತ್ತಿತ್ತು, ಸ್ಕ್ರಿಪ್ಟ್ ಅದನ್ನು ಇಳಿಯುತ್ತಿದೆ ಎಂದು ಓದಿ ಪಂಪುಗಳನ್ನು ಮತ್ತೆ ಬಿಟ್ಟಿತ್ತು. ನೀರು ಏರಿದಷ್ಟೂ ಅದಕ್ಕೆ ಧೈರ್ಯ ಹೆಚ್ಚಿತ್ತು.

ಪರದೆಯ ಮೇಲಿನ ನೀರಿನ ಮಟ್ಟದ ಗೆರೆ ಈಗ ಅವಳಿಗೆ ಬೇರೆಯೇ ಕಂಡಿತು. ಚೆಂಡು ಸೂರಿಗೆ ಬಡಿದು ಕೆಳಗೆ ಬೀಳುವ ಹಾಗೆ, ಸರಿಯಾಗಿ ಸೊನ್ನೆಗೆ ಮುಟ್ಟಿ ಬಾಗಿತ್ತು. ಓದಿದವರು, ಬರೆದವರು, ದೊಡ್ಡ ಸಂಬಳದವರು ಇಷ್ಟು ಜನ ಅದನ್ನೇ ನೋಡುತ್ತ ಕೂತಿದ್ದರು. ಸೊನ್ನೆಯಲ್ಲೇ ಯಾಕೆ ಬಾಗಿತು ಎಂದು ಒಬ್ಬರೂ ಕೇಳಿರಲಿಲ್ಲ. ಸಾರು ಕುಡಿದಿದ್ದರು.

"ಪಂಪ್ ನಿಲ್ಲಿಸ್ಬೇಕು," ಎಂದಳು. ಪಕ್ಕದ ಮೇಜಿನ ಕಡೆ ತಿರುಗಿದಳು. ಮತ್ತೆ ಹೇಳಿದಳು. "ರೀಂಕ್, ಎಲ್ಲ ಪಂಪೂ ನಿಲ್ಲಿಸ್ಬೇಕು. ಈಗಲೇ."

"ಇಳೀತಿರೋ ನೀರಿಗೆ ಪಂಪ್ ಯಾಕೆ ನಿಲ್ಲಿಸ್ತೀಯ? ತಮ್ಮ ಹೆದರಿಸಿದ್ನಾ?"

"ಇಳೀತಿಲ್ಲ. ಸೊನ್ನೆ ಮೇಲಿದೆ. ಸ್ಕ್ರಿಪ್ಟು ಮೇಲಿರೋದನ್ನ ಕೆಳಗೆ ಅಂತ ಓದ್ತಿದೆ."

"ನಿನಗೆ ಖಾತ್ರಿನಾ?"

"ನಾನೇ ಬರ್ದಿದ್ದು. ನನಗಿಂತ ಖಾತ್ರಿ ಯಾರಿಗಿರುತ್ತೆ?"

ರೀಂಕ್ ಎದ್ದು ಬಂದು ಸಾಲುಗಳನ್ನು ನೋಡಿದ. ಅವನೇನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಿಸ್ಕೆ ಸ್ಕ್ರಿಪ್ಟನ್ನು ನಿಲ್ಲಿಸಿದಳು. ಒಂದೊಂದೇ ಪಂಪಿಗೆ ಕೈಯಾರೆ ನಿಲ್ಲುವ ಆಜ್ಞೆ ಕೊಡುತ್ತ ಹೋದಳು. ಒಂದೊಂದೇ ನಿಂತವು. ಕೊನೆಯದೊಂದು ಉತ್ತರ ಕೊಡಲಿಲ್ಲ. ಮತ್ತೆ ಕೊಟ್ಟಳು. ಉತ್ತರವಿಲ್ಲ. ಆಜ್ಞೆ ಹೊತ್ತೊಯ್ಯುವ ತಂತಿ ಗಾಳಿಗೆ ಕಡಿದುಹೋಗಿತ್ತು. ತಂತಿ ಕಡಿದರೆ ಪಂಪು ಕೊನೆಯ ಆಜ್ಞೆಯನ್ನೇ ಹಿಡಿದು ನಡೆಯುತ್ತಿರಬೇಕು, ಹೊಲ ಮುಳುಗಬಾರದು ಎಂದು ಹಾಗೆ ಮಾಡಿಟ್ಟಿದ್ದರು. ಯಾವ ಪಂಪು ಅದು ಎಂದು ಹೆಸರು ನೋಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಅವಳು ಹುಟ್ಟಿದ ಮನೆ.

"ಓನೆಗೆ ಫೋನ್ ಮಾಡು," ಎಂದ ರೀಂಕ್. ಓನೆ ಈಗ ಆ ಪಂಪು ಕಾಯುವವನು.

"ಅವನನ್ನ ನೀವೇ ಮರಳು ಮೂಟೆ ಹೊರೋಕೆ ಆಚೆ ದಡಕ್ಕೆ ಕಳಿಸಿದ್ರಿ. ರಸ್ತೇಲಿ ಮರ ಬಿದ್ದಿದೆ. ಅವನು ಬರೋ ಹೊತ್ತಿಗೆ ಏರಿ ಇರಲ್ಲ."

ಪಂಪ್‌ಮನೆಯ ಹತ್ತಿರ ಇದ್ದವನು ಒಬ್ಬನೇ. ಫೋನು ಇನ್ನೂ ಮೇಜಿನ ಮೇಲೆ, ಸಾರಿನ ಬಟ್ಟಲಿನ ಪಕ್ಕ ಬಿದ್ದಿತ್ತು. ಎತ್ತಿದಳು.

"ವೀಬ್ರೆನ್?"

"ನೀರು ಏರಿಯ ಮೇಲಿಂದ ಸುರೀತಿದೆ ಅಕ್ಕ. ನೇರ ಕರು ಕೊಟ್ಟಿಗೇಗೇ ಬರ್ತಿದೆ. ಒಳಗಿನ ನೀರು ಬಾಗಿಲನ್ನ ಒತ್ಕೊಂಡಿದೆ, ತೆಗೆಯೋಕಾಗ್ತಿಲ್ಲ. ಹಾರೆ ತರ್ತಿದ್ದೀನಿ. ಆಮೇಲೆ ಮಾತಾಡು."

"ಕರು ಬಿಡು. ಪಂಪ್‌ಮನೆಗೆ ಹೋಗು."

ಆಚೆ ಓಡುತ್ತಿದ್ದ ಬೂಟುಗಳು ನಿಂತವು.

"ಏನಂದೆ?"

"ಇಲ್ಲಿಂದ ಪಂಪ್ ನಿಲ್ಲಿಸೋಕಾಗ್ತಿಲ್ಲ. ತಂತಿ ಕಡಿದಿದೆ. ಅದು ನಿಲ್ಲದಿದ್ರೆ ಏರಿ ಒಡೆಯುತ್ತೆ. ನೀನು ಹೋಗಿ ನಿಲ್ಲಿಸ್ಬೇಕು."

"ನೀರು ಇಳೀತಿದೆ ಅಂದ್ಯಲ್ಲೇ."

"ತಪ್ಪು ಹೇಳ್ದೆ."

"ಮೂರು ಸಲ ಹೇಳ್ದೆ. ಲಾರಿ ಬಾಗಿಲಲ್ಲಿ ನಿಂತಿತ್ತು. ನಿನ್ನ ಮಾತು ಕೇಳಿ ಕರು ವಾಪಸ್ ಹೊಡ್ದೆ. ಲಾರಿಯವನು ನಕ್ಕೊಂಡು ಹೋದ. ಈಗ ಅದೇ ಬಾಯಲ್ಲಿ ಕರು ಬಿಡು ಅಂತೀಯಾ? ಕೇಳಿಸ್ತಿದೆಯಾ ನಿಂಗೆ ಅವು ಕೂಗೋದು?"

ಕೇಳಿಸುತ್ತಿತ್ತು. ಗಾಳಿಯನ್ನು ಸೀಳಿಕೊಂಡು, ತೆಳ್ಳಗೆ, ಒಂದರ ಮೇಲೊಂದು. ಕರು ಹೊರಗೆ ತೆಗೆದು ಆಮೇಲೆ ಹೋಗು ಎಂಬ ಮಾತು ನಾಲಿಗೆ ತುದಿಯವರೆಗೂ ಬಂತು. ಮಧ್ಯಾಹ್ನ ಹೇಳಿದ ಒಂದು ಮಾತನ್ನು ಅದರಿಂದ ತೊಳೆದುಕೊಳ್ಳಬಹುದಿತ್ತು. ಆದರೆ ಏರಿ ಮೇಲಿಂದ ಹರಿಯುವ ನೀರು ಏರಿಯ ಬೆನ್ನನ್ನು ಕೊರೆಯುತ್ತದೆ. ಮಣ್ಣು ಸಡಿಲವಾದರೆ ಆಮೇಲೆ ಯಾರ ಕೈಯಲ್ಲೂ ಇಲ್ಲ. ಇದು ಅವಳಿಗೆ ಗೊತ್ತಿತ್ತು. ಅಪ್ಪ ಹೇಳಿಕೊಟ್ಟದ್ದು. ವೀಬ್ರೆನ್‌ಗೂ ಹೇಳಿಕೊಟ್ಟಿದ್ದ.

"ಕೇಳಿಸ್ತಿದೆ," ಎಂದಳು. "ಏರಿ ಒಡೆದ್ರೆ ನೀನೂ ಇರಲ್ಲ ಕರೂ ಇರಲ್ಲ. ಹಿಂದೆ ಶಾಲೆ ಇದೆ. ನನ್ನ ಪರದೆ ನಂಬಬೇಡ, ನನ್ನೂ ನಂಬಬೇಡ. ಏರಿ ನೋಡು. ನೋಡಿ ನೀನೇ ಹೇಳು, ಅಪ್ಪ ಇದ್ದಿದ್ರೆ ಏನು ಮಾಡ್ತಿದ್ದ?"

ಏನೋ ಲೋಹದ್ದು ಕಲ್ಲಿನ ಮೇಲೆ ಬಿದ್ದ ಸದ್ದಾಯಿತು. ಹಾರೆ. ಆಮೇಲೆ ಓಡುವ ಬೂಟುಗಳು.

ಫೋನನ್ನು ಅವನು ಜೇಬಿಗೆ ಹಾಕಿದ್ದನೇನೋ, ಆರಿಸಿರಲಿಲ್ಲ. ಹಿಸ್ಕೆ ಕಿವಿಗೊಟ್ಟು ನಿಂತಳು. ಬಟ್ಟೆ ಉಜ್ಜುವ ಸದ್ದು, ಏದುಸಿರು, ಒಮ್ಮೆ ಬಿದ್ದದ್ದು, ಎದ್ದದ್ದು, ಕರುಗಳ ಕೂಗು ದೂರವಾದದ್ದು. ರೀಂಕ್ ಅವಳ ಮುಖ ನೋಡುತ್ತ ನಿಂತಿದ್ದ. ಗಾಜು ಒಡೆದ ಸದ್ದು ಬಂತು. ಪಂಪ್‌ಮನೆಯ ಕೀಲಿಕೈ ಓನೆಯ ಹತ್ತಿರ ಇತ್ತು. ತಕ್ಷಣ ಪಂಪಿನ ಆರ್ಭಟ ಕಿವಿಗೆ ಅಪ್ಪಳಿಸಿತು. ಮಗುವಾಗಿದ್ದಾಗ ಅವಳು ಅದೇ ಸದ್ದಿನಲ್ಲಿ ನಿದ್ದೆ ಮಾಡುತ್ತಿದ್ದಳು. ಅದು ನಿಂತರೆ ಎಚ್ಚರವಾಗುತ್ತಿತ್ತು.

"ಹಿಡಿಕೆ ಬರ್ತಿಲ್ಲ," ಎಂದು ಅವನ ಧ್ವನಿ ಎಲ್ಲೋ ಆಳದಿಂದ ಬಂತು. ಅವಳಿಗೆ ಹೇಳಿದ್ದಲ್ಲ. "ತುಕ್ಕು ಹಿಡಿದಿದೆ. ಇವರಜ್ಜಿ ತಲೆ, ಎಣ್ಣೆ ಕೂಡ ಹಾಕಿಲ್ಲ."

"ಒದಿ," ಎಂದಳು ಹಿಸ್ಕೆ. ಅವನಿಗೆ ಕೇಳಿಸುವಂತಿರಲಿಲ್ಲ. "ಅಪ್ಪ ಒದೀತಿದ್ದ. ಕೆಳಗಿಂದ ಒದಿ."

ಧಡ್ ಎಂದಿತು. ಮತ್ತೊಮ್ಮೆ. ಮೂರನೆಯದಕ್ಕೆ ಆರ್ಭಟ ಇಳಿಯತೊಡಗಿ, ನರಳಿ, ನಿಂತಿತು. ಉಳಿದದ್ದು ಗಾಳಿ, ಅವನ ಉಸಿರು.

"ನಿಂತಿತು," ಎಂದ ವೀಬ್ರೆನ್. ಫೋನು ಆರಿತು.

ಅವಳು ಹೋಗಿ ಮುಟ್ಟುವ ಹೊತ್ತಿಗೆ ಬೆಳಕು ಕಂದುತ್ತಿತ್ತು. ಬಿದ್ದ ಮರವನ್ನು ಸುತ್ತಿ, ಹೊಲದ ದಾರಿಯಲ್ಲಿ ಕಾರು ಹೂತು, ಉಳಿದದ್ದನ್ನು ನಡೆದಿದ್ದಳು. ಏರಿಯ ಮೇಲೆ ಊರಿನ ಗಂಡಸರು ಹೆಂಗಸರು ಸಾಲಾಗಿ ನಿಂತು ಮರಳು ಮೂಟೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಏರಿಯ ಬೆನ್ನು ಒಂದು ಕಡೆ ಎತ್ತಿನಗಾಡಿಯಷ್ಟು ಅಗಲ ಜಾರಿ ಕುಳಿತಿತ್ತು. ಜಾರಿತ್ತು, ಒಡೆದಿರಲಿಲ್ಲ. ಮೇಲಿಂದ ಸುರಿಯುವ ನೀರು ನಿಂತಿತ್ತು. ಅವಳನ್ನು ಕಂಡವರು ತಲೆಯಾಡಿಸಿದರು. ತಪ್ಪು ಅವಳದೆಂದು ಯಾರಿಗೂ ಗೊತ್ತಿರಲಿಲ್ಲ. ನಾಳೆ ಗೊತ್ತಾಗುತ್ತದೆ.

ಕರು ಕೊಟ್ಟಿಗೆಯ ಬಾಗಿಲನ್ನು ವೀಬ್ರೆನ್ ಕೊನೆಗೂ ಒಡೆದಿದ್ದ. ಒಳಗೆ ಸೊಂಟದವರೆಗೆ ನೀರು, ಅದರ ಮೇಲೆ ತೇಲುವ ಹುಲ್ಲು. ಎರಡು ಕರು ಮೇವಿನ ಕಟ್ಟೆಯ ಮೇಲೆ ಹತ್ತಿ ನಡುಗುತ್ತ ನಿಂತಿದ್ದವು. ಉಳಿದವುಗಳನ್ನು ಅವನು ಒಂದೊಂದಾಗಿ ಕಾಲಿಗೆ ಹಗ್ಗ ಬಿಗಿದು ಅಂಗಳಕ್ಕೆ ಎಳೆಯುತ್ತಿದ್ದ. ಎಳೆದು ಸಾಲಾಗಿ ಮಲಗಿಸಿದ್ದ. ಅವಳನ್ನು ನೋಡಿದ. ಹಗ್ಗದ ಒಂದು ತುದಿ ಎಸೆದ.

ಹಿಸ್ಕೆ ನೀರಿಗಿಳಿದಳು. ಇಬ್ಬರೂ ಎಳೆದರು. ಒದ್ದೆಯಾದ ಕರು ಎಷ್ಟು ಭಾರ ಎಂಬುದನ್ನು ಅವಳು ಮರೆತೇ ಬಿಟ್ಟಿದ್ದಳು.

"ನಾನು..." ಎಂದು ಶುರು ಮಾಡಿದಳು.

"ಬೇಡ," ಎಂದ. "ನಿನ್ನ ಮಾತು ಕೇಳಿ ಒಳಗೆ ಹೊಡ್ದೆ, ನಿನ್ನ ಮಾತು ಕೇಳಿ ಬಿಟ್ಟು ಓಡ್ದೆ. ಎರಡನೇ ಮಾತು ಸರಿಯಾಗಿತ್ತು. ಏರಿ ನಿಂತಿದೆ, ಕಾಣ್ತಿದೆ ನಂಗೆ. ಆದ್ರೂ ಇವು ಸತ್ತಿದ್ದು ಸತ್ತಿದ್ದೇ. ನನ್ನನ್ನ ಸಮಾಧಾನ ಮಾಡೋಕೆ ಬರಬೇಡ."

ಅವಳ ಜೇಬಿನಲ್ಲಿ ಫೋನು ಮಿಡಿಯಿತು. ರೀಂಕ್. ಕಚೇರಿಯ ಅಂಕಿಗಳನ್ನು ಈಗ ಯಾರೂ ನಂಬುತ್ತಿರಲಿಲ್ಲ. ಕಣ್ಣಾರೆ ನೋಡಿದ್ದು ಬೇಕಾಗಿತ್ತು. ಹಿಸ್ಕೆ ಅಂಗಳ ದಾಟಿ ಸೇತುವೆಯ ಬದಿಗೆ ಹೋಗಿ ಹಲಗೆಗೆ ದೀಪ ಹಿಡಿದಳು. ಅಲೆ ಹಿಂದೆ ಸರಿದಾಗಲೆಲ್ಲ ಒಂದು ಅಂಕಿ ಇಣುಕುತ್ತಿತ್ತು.

"ಹದಿನೈದು," ಎಂದಳು.

ಆಚೆಯಿಂದ ರೀಂಕ್ ಕೇಳಿದ, "ಕೆಳಗಾ, ಮೇಲಾ?"

ಅವಳ ಹಿಂದೆ ಹಗ್ಗ ಎಳೆಯುವುದು ನಿಂತಿತ್ತು. ವೀಬ್ರೆನ್ ಕೊಟ್ಟಿಗೆಯ ಬಾಗಿಲಲ್ಲಿ ನೀರಿನೊಳಗೇ ನಿಂತು ಇತ್ತ ನೋಡುತ್ತಿದ್ದ.

"ಮೇಲೆ," ಎಂದಳು.

"ಗಟ್ಟಿಯಾಗಿ ಹೇಳು," ಎಂದ ತಮ್ಮ.

"ಸೊನ್ನೆಗಿಂತ ಮೇಲೆ. ಹದಿನೈದು, ಮೇಲೆ."

ಅವನು ತಿರುಗಿ ಮುಂದಿನ ಕರುವಿನ ಕಾಲಿಗೆ ಹಗ್ಗ ಬಿಗಿದ.